ಮೂವತ್ತೆರಡು ಶಬ್ದಗಳ ಭಯ



ಈ ಪುಟದಲ್ಲಿ ತಿಂಗಳು ತಿಂಗಳೂ ಹಳೆಯ ಗ್ರಂಥಗಳ, ಶಾಸನಗಳ, ಶಬ್ದಾರ್ಥಗಳ ವಿಚಾರವನ್ನು ಓದಿ ರೂಢಿಯಾಗಿರುವ ತಮಗೆ ಈ ಸಲದ ವಿಷಯ ತುಸು ವಿಚಿತ್ರವೆನಿಸಬಹುದು. ಗಣಕಯಂತ್ರಕ್ಕೆ ಕ್ರಮವಿಧಿಯನ್ನು ಬರೆದುಕೊಡುವ ವಿದ್ಯೆ, ಅಂದರೆ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಎಂದು ಕರೆಯುವ ಪಾಠ, ಅದರಲ್ಲಿಯೂ ಏನೂ ಅರಿಯದ ಹೊಸಬರಿಗೆ ಮೊದಲ ಸೆಮಿಸ್ಟರಿನಲ್ಲಿ ಹೇಳಿಕೊಡುವ ಆರಂಭದ ಪಾಠ, ಇದೇ ಇಂದಿನ ವಿಷಯ. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೋದಿ ಅರವತ್ತು ದಾಟಿದವನಿಗೂ ಆ ಯಂತ್ರವಿದ್ಯೆಗೂ ಏನು ಸಂಬಂಧವೆಂದು ತಾವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಸಂಬಂಧವನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ಅದೇ ನಮ್ಮ ಮನೆಯ ಬಾಗಿಲಿಗೆ ಬಂದಿತು.

ಚಿಂಚೋಳಿ ತಾಲೂಕಿನ ಹಳ್ಳಿಯೊಂದರಿಂದ ಬಂದು ಸೇಡಂನಲ್ಲಿ ನಮ್ಮ ಓಣಿಯಲ್ಲಿಯೇ ಬಾಡಿಗೆಗಿರುವ ಗೃಹಸ್ಥರೊಬ್ಬರು ಒಂದು ಸಂಜೆ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಕನ್ನಡ ಮಾಧ್ಯಮದಲ್ಲಿಯೇ ಓದಿ ಬಂದವಳು, ಅಂಕಗಳೂ ಚೆನ್ನಾಗಿದ್ದವು. ಕಾಲೇಜೊಂದರಲ್ಲಿ ಬಿ.ಸಿ.ಎ. ಪದವಿಗೆ ಸೇರಿ ಎರಡು ತಿಂಗಳಾಗಿತ್ತು. ಮೊದಲ ಆಂತರಿಕ ಪರೀಕ್ಷೆಯಲ್ಲಿ ‘ಸಿ’ ಭಾಷೆಯ ಪತ್ರಿಕೆಯಲ್ಲಿ ಅವಳಿಗೆ ಬಂದ ಅಂಕವನ್ನು ಹೇಳಿದರೆ ಆಕೆಯ ಮನಸ್ಸಿಗೆ ನೋವಾದೀತು. ತಂದೆ ಹೇಳಿದ್ದು ಇಷ್ಟೇ: “ಅಯ್ನೋರೆ, ಇದು ಇಂಗ್ಲಿಷಿನವರ ವಿದ್ಯೆ. ನಮ್ಮ ಹುಡುಗರಿಗೆ ಒಗ್ಗೂದಿಲ್ಲ. ಬಿಡಿಸಿ ಮನ್ಯಾಗ ಕೂಡಿಸ್ತೀನಿ. ತಾವೊಂದು ಮಾತು ಹೇಳಿದರ ಆಕಿಗೂ ಸಮಾಧಾನ ಆಗ್ತದ.” ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಅವರು ನನ್ನಿಂದ ಬಯಸಿದ್ದು ಬಿಡಿಸುವ ಮಾತಿಗೆ ಒಪ್ಪಿಗೆಯನ್ನು. ಅದನ್ನು ಕೊಡುವ ಮೊದಲು ವಿಷಯವೇನೆಂದು ನೋಡಬೇಕಲ್ಲವೆ? ನೋಟುಪುಸ್ತಕವನ್ನು ತರಿಸಿಕೊಂಡೆ.

ಇಲ್ಲಿ ಒಂದು ಭೇದವನ್ನು ಮೊದಲು ಹೇಳಿಬಿಡುವುದು ಒಳಿತು. ಶಹಾಬಾದ್, ವಾಡಿ, ಚಿತ್ತಾಪುರಗಳಂತಹ ಊರುಗಳಲ್ಲಿ ಮೂರು ತಿಂಗಳು, ಆರು ತಿಂಗಳ ‘ಕಂಪ್ಯೂಟರ್ ಕೋರ್ಸು’ಗಳು ಬಹುಕಾಲದಿಂದ ನಡೆದಿವೆ. ಅಲ್ಲಿ ಕಲಿಸುವುದು ಬಹುಮಟ್ಟಿಗೆ ಅಕ್ಷರ ಜೋಡಣೆ, ಪತ್ರ ಬರೆಯುವುದು, ಲೆಕ್ಕಪತ್ರ ಇಡುವುದು. ಅದು ಉಪಯುಕ್ತ ವಿದ್ಯೆಯೇ. ಅದರಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಆದರೆ ಅದು ಸಿದ್ಧವಾದ ಬಂಡಿಯನ್ನು ನಡೆಸುವ ಕಲೆ. ಪದವಿ ಕಾಲೇಜಿನ ಪ್ರೋಗ್ರಾಮಿಂಗ್ ಬಂಡಿಯನ್ನು ಕಟ್ಟುವ ಕಲೆ. ಮೊದಲನೆಯದನ್ನು ಬಲ್ಲ ಮಕ್ಕಳು ಎರಡನೆಯದೂ ಹಾಗೆಯೇ ಇರುವುದೆಂದು ತಿಳಿದು ಸೇರುತ್ತಾರೆ. ತಂದೆತಾಯಿಗಳೂ ಹಾಗೆಯೇ ತಿಳಿದಿರುತ್ತಾರೆ. ಮೊದಲ ತಿಂಗಳಲ್ಲಿಯೇ ಬೆಚ್ಚಿಬೀಳುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಇಂಗ್ಲಿಷು. ಇದನ್ನು ಪರೀಕ್ಷಿಸೋಣವೆಂದು ಆ ಹುಡುಗಿಯನ್ನು ಕೇಳಿದೆ: “ಈ ಸಿ ಭಾಷೆಗೆ ಸೇರಿದ ಶಬ್ದಗಳು ಒಟ್ಟು ಎಷ್ಟು?” ಆಕೆ ಪುಸ್ತಕವನ್ನು ತೆರೆದು ಪಟ್ಟಿಯೊಂದನ್ನು ತೋರಿಸಿದಳು. ಎಣಿಸಿದೆವು. 32! ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಎಂಬ ವಿದ್ವಾಂಸನು 1972ರ ಸುಮಾರಿಗೆ ರೂಪಿಸಿದ ಈ ಭಾಷೆಗೆ 1989ರಲ್ಲಿ ಅಧಿಕೃತ ಪ್ರಮಾಣ ನಿಗದಿಯಾದಾಗ ಅದರಲ್ಲಿದ್ದ ಮೀಸಲು ಶಬ್ದಗಳು 32 ಮಾತ್ರ; ಅನಂತರ ಕೆಲವು ಸೇರಿದ್ದರೂ ಆರಂಭದ ವಿದ್ಯಾರ್ಥಿಗೆ ಅವುಗಳ ಅಗತ್ಯವಿಲ್ಲ. ಇಫ್, ಎಲ್ಸ್, ವೈಲ್, ಫಾರ್, ರಿಟರ್ನ್ ಮುಂತಾದ ಈ ಶಬ್ದಗಳ ಜೊತೆಗೆ ಪ್ರಿಂಟ್‌ಎಫ್, ಸ್ಕ್ಯಾನ್‌ಎಫ್ ಎಂಬಂತಹ ಕೆಲವು ಸಿದ್ಧನಾಮಗಳನ್ನು ಬಲ್ಲರೆ ಮೊದಲ ಸೆಮಿಸ್ಟರು ಮುಗಿಯುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅಕ್ಷರಗಳೇ 49 ಇವೆಯಲ್ಲ! ಆರು ವರ್ಷದ ಕೂಸಾಗಿದ್ದಾಗ 49 ಅಕ್ಷರಗಳನ್ನು, ಅವುಗಳ ಕಾಗುಣಿತವನ್ನು, ಒತ್ತಕ್ಷರವನ್ನು ಕಲಿತ ಮಗುವಿಗೆ ಹದಿನೆಂಟನೆಯ ವಯಸ್ಸಿನಲ್ಲಿ 32 ಶಬ್ದಗಳು ಹೆಚ್ಚಾದವೆ?

ಆದ್ದರಿಂದ ಯಂತ್ರವು ಬೇಡುವ ಇಂಗ್ಲಿಷು ಅತ್ಯಲ್ಪ. ಪಠ್ಯಪುಸ್ತಕದ ಇಂಗ್ಲಿಷು, ಉಪನ್ಯಾಸದ ಇಂಗ್ಲಿಷು, ಪರೀಕ್ಷೆಯ ಇಂಗ್ಲಿಷು ಹೆಚ್ಚಿರಬಹುದು, ಅದನ್ನು ಅಲ್ಲಗಳೆಯಲಾರೆ. ಆದರೆ ಅದು ವಿದ್ಯೆಯ ಕಷ್ಟವಲ್ಲ, ವಿದ್ಯೆಯನ್ನು ಸುತ್ತಿದ ಬಟ್ಟೆಯ ಕಷ್ಟ. ಎರಡನ್ನೂ ಒಂದೇ ಎಂದು ತಿಳಿದು ನಮ್ಮ ಮಕ್ಕಳು ಸೋಲನ್ನು ಒಪ್ಪಿಬಿಡುತ್ತಾರೆ. ಹಾಗಾದರೆ ವಿದ್ಯೆಯ ನಿಜವಾದ ಕಷ್ಟ ಎಲ್ಲಿದೆ?

ಅದು ಕ್ರಮದಲ್ಲಿದೆ. ಮನುಷ್ಯನಿಗೆ ಕೆಲಸ ಹೇಳುವಾಗ ನಾವು ಅರ್ಧವನ್ನು ಹೇಳಿ ಅರ್ಧವನ್ನು ಅವನ ಬುದ್ಧಿಗೆ ಬಿಡುತ್ತೇವೆ. “ಬೇಳೆ ಬೇಯಿಸಿಡು” ಎಂದರೆ ಸಾಕು. ಬೇಳೆಯನ್ನು ತೊಳೆಯಬೇಕು, ಒಲೆ ಹೊತ್ತಿಸಬೇಕು, ಬೆಂದ ಮೇಲೆ ಇಳಿಸಬೇಕು ಎಂದು ಸೊಸೆಗೆ ಹೇಳಬೇಕಾಗಿಲ್ಲ. ಯಂತ್ರಕ್ಕೆ ಅಂತಹ ಲೋಕಜ್ಞಾನವಿಲ್ಲ. ಇಳಿಸೆಂದು ಹೇಳದಿದ್ದರೆ ಬೇಳೆ ಸೀದು ಹೋಗುವವರೆಗೂ ಅದು ಬೇಯಿಸುತ್ತಲೇ ಇರುತ್ತದೆ. ಒಂದು ಕೆಲಸವನ್ನು ಯಾವ ಹೆಜ್ಜೆಯನ್ನೂ ಬಿಡದೆ, ಯಾವ ಹೆಜ್ಜೆಯನ್ನೂ ಹಿಂದುಮುಂದಾಗಿಸದೆ, ಎಲ್ಲಿ ನಿಲ್ಲಬೇಕೆಂಬುದನ್ನೂ ಸೇರಿಸಿ ಹೇಳುವ ಬರವಣಿಗೆಗೆ ಕ್ರಮಾವಳಿ ಎಂದು ಹೆಸರು. ಅದನ್ನು ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದರೆ ಕ್ರಮವಿಧಿ. ಮೊದಲನೆಯದನ್ನು ಬರೆಯುವುದಕ್ಕೆ ಇಂಗ್ಲಿಷೂ ಬೇಡ, ಯಂತ್ರವೂ ಬೇಡ; ಕಾಗದ ಮತ್ತು ಲೇಖನಿ ಸಾಕು.

ಈ ಕ್ರಮಗಳಲ್ಲಿ ಬಗೆಗಳಾದರೂ ಎಷ್ಟು? ಇಟಲಿಯ ಬೋಮ್ ಮತ್ತು ಯಾಕೋಪಿನಿ ಎಂಬ ಇಬ್ಬರು ಗಣಿತಜ್ಞರು 1966ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಿಂದ ತಿಳಿದುಬಂದಂತೆ, ಎಂತಹ ದೊಡ್ಡ ಗಣನೆಯನ್ನಾದರೂ ಮೂರೇ ಬಗೆಯ ರಚನೆಗಳಿಂದ ಕಟ್ಟಬಹುದು. ಒಂದಾದ ಮೇಲೊಂದು ಮಾಡುವುದು. ಪರೀಕ್ಷಿಸಿ ಎರಡರಲ್ಲೊಂದನ್ನು ಆರಿಸುವುದು. ಒಂದು ನಿಬಂಧನೆ ಇರುವವರೆಗೆ ಮತ್ತೆ ಮತ್ತೆ ಮಾಡುವುದು. ಈ ಮೂರನ್ನೂ ನಮ್ಮ ಸೀಮೆಯ ಜನ ದಿನವೂ ಕಾಣುತ್ತಾರೆ.

ವಾಡಿ ಜಂಕ್ಷನ್ನನ್ನು ನೋಡಿರಿ. ಸೋಲಾಪುರ, ಕಲಬುರಗಿ, ಶಹಾಬಾದ್ ಮಾರ್ಗವಾಗಿ ಬಂದ ಗಾಡಿಗೆ ಅಲ್ಲಿ ಎರಡು ದಾರಿ. ರಾಯಚೂರು, ಗುಂತಕಲ್ಲಿನ ಕಡೆಗೆ ಹೋಗತಕ್ಕದ್ದಾದರೆ ಒಂದು ಹಳಿ. ಹಾಗಲ್ಲದಿದ್ದರೆ ಚಿತ್ತಾಪುರ, ಸೇಡಂ, ತಾಂಡೂರು ಮಾರ್ಗವಾಗಿ ಸಿಕಂದರಾಬಾದಿನ ಕಡೆಗೆ ಹೋಗುವ ಇನ್ನೊಂದು ಹಳಿ. ನಿಜಾಮರ ಕಾಲದಲ್ಲಿ, 1874ರಲ್ಲಿ, ಈ ಎರಡನೆಯ ಮಾರ್ಗ ತೆರೆದಂದಿನಿಂದ ಅಲ್ಲಿಯ ಪಾಯಿಂಟಿನವನು ಮಾಡುತ್ತ ಬಂದ ಕೆಲಸವನ್ನೇ ಸಿ ಭಾಷೆಯಲ್ಲಿ ‘ಇಫ್’ ಮತ್ತು ‘ಎಲ್ಸ್’ ಎಂಬ ಎರಡು ಶಬ್ದಗಳು ಮಾಡುತ್ತವೆ. ಗಾಡಿ ಎರಡೂ ಹಳಿಗಳ ಮೇಲೆ ಹೋಗಲಾರದು. ಯಾವುದರ ಮೇಲೂ ಹೋಗದೆ ಇರಲಾರದು. ಇದಿಷ್ಟು ತಿಳಿದರೆ ಆ ಅಧ್ಯಾಯದ ಸಾರ ತಿಳಿದಂತೆ.

ಮೂರನೆಯ ಬಗೆಯಾದ ಪುನರಾವರ್ತನೆಗೆ ಶಹಾಬಾದಿನ ಫರ್ಸಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಗೆ 2 ಅಡಿ ಚೌಕದ ಕಲ್ಲು ಹಾಸಬೇಕಾಗಿದೆ. ಗೌಂಡಿಯು ಮೊದಲ ಸಾಲನ್ನು ಹಿಡಿಯುತ್ತಾನೆ. ಆ ಸಾಲಿನಲ್ಲಿ ಒಂದೊಂದಾಗಿ 5 ಕಲ್ಲು ಕೂಡಿಸುತ್ತಾನೆ. ಸಾಲು ಮುಗಿದ ಮೇಲೆ ಮುಂದಿನ ಸಾಲಿಗೆ ಹೋಗಿ ಮತ್ತೆ ಮೊದಲ ಕಲ್ಲಿನಿಂದ ಆರಂಭಿಸುತ್ತಾನೆ. ಇಂತಹ 6 ಸಾಲಾದಾಗ 30 ಕಲ್ಲು ಕುಳಿತು ಕೋಣೆ ತುಂಬುತ್ತದೆ. ಸಾಲುಗಳ ಆವರ್ತನದ ಒಳಗೆ ಕಲ್ಲುಗಳ ಆವರ್ತನ! ಕಾಲೇಜಿನಲ್ಲಿ ‘ಲೂಪಿನೊಳಗೆ ಲೂಪು’ ಎಂದು ಹೇಳುವಾಗ ಹೊಸ ವಿದ್ಯಾರ್ಥಿಗಳ ಮುಖ ಬಾಡುವುದು ಇಲ್ಲಿಯೇ. ಗಣಿಯಲ್ಲಿಯೂ ಕಟ್ಟಡದಲ್ಲಿಯೂ ದುಡಿಯುವ ತಂದೆಯ ಮಗನಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿದೆಯೆ? ಅವನಿಗೆ ಬೇಕಾದುದು ತಂದೆಯ ಕಾಯಕವೂ ಕರಿಹಲಗೆಯ ಮೇಲಿನ ಅಕ್ಷರವೂ ಒಂದೇ ಎಂದು ತೋರಿಸಿಕೊಡುವ ಒಬ್ಬ ಗುರು.

ಈಗ ನಮ್ಮ ಹುಡುಗಿಯ ನೋಟುಪುಸ್ತಕಕ್ಕೆ ಬರೋಣ. ಆಕೆ ಸೋತಿದ್ದು ಯಾವ ಪ್ರಶ್ನೆಯಲ್ಲಿ ಎಂದು ಕೇಳಿದಾಗ ತೋರಿಸಿದ್ದು ಆರಂಭದ ಪಾಠಗಳಲ್ಲಿ ಎಲ್ಲೆಡೆಯೂ ಇರುವ ಒಂದು ಅಭ್ಯಾಸ: ಕೊಟ್ಟ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವುದೋ ಇಲ್ಲವೋ ಎಂದು ಯಂತ್ರವು ಹೇಳುವಂತೆ ಕ್ರಮವಿಧಿಯನ್ನು ಬರೆಯಬೇಕು. ನನಗೆ ಮೈ ಜುಮ್ಮೆಂದಿತು. ಏಕೆಂದರೆ ಈ ಸಂಖ್ಯೆಗಳು ನನಗೆ ಹಳೆಯ ಪರಿಚಯದವು, ಅವು ನಮ್ಮ ಸೇಡಂ ತಾಲೂಕಿನ ಮಳಖೇಡಕ್ಕೆ ನಂಟುಳ್ಳವು.

ಮಳಖೇಡವೆಂದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ಅರಸನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ಅದರ ಆರಂಭದಲ್ಲಿ ಈ ನೃಪತುಂಗನನ್ನು ಪ್ರಶಂಸಿಸಿದನೆಂಬುದು ಅಷ್ಟು ಪ್ರಸಿದ್ಧವಲ್ಲ. ಜ್ಯೋತಿಷದಿಂದ ಬೇರ್ಪಡಿಸಿ ಗಣಿತಕ್ಕಾಗಿಯೇ ಬರೆದ ಮಹಾಗ್ರಂಥವದು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಿದವನು ಅವನು. ಗುಣಾಕಾರದ ಪ್ರಕರಣದಲ್ಲಿ ಆತನು ಮಾಲೆಯಂತಹ ಸಂಖ್ಯೆಗಳನ್ನು ಪೋಣಿಸಿ ತೋರಿಸುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ 12345654321. ಯಾವ ತುದಿಯಿಂದ ಹಿಡಿದರೂ ಒಂದೇ ಆಗಿರುವ ಹಾರಗಳು! ಕಾಲೇಜಿನ ಪ್ರಯೋಗಾಲಯದಲ್ಲಿ ಹೊಸದೆಂದು ಭಾವಿಸಿ ಹೆದರಿದ ಸಂಖ್ಯೆಗಳೊಡನೆ ನಮ್ಮ ಸೀಮೆಯ ವಿದ್ವಾಂಸರು ಸುಮಾರು 1150 ವರ್ಷಗಳ ಹಿಂದೆಯೇ ಆಟವಾಡಿದ್ದರು.

ಇದನ್ನು ಹೇಳಿ ನಮ್ಮವರೇ ಗಣಕಯಂತ್ರವನ್ನು ಕಂಡುಹಿಡಿದರೆಂದು ಬೀಗುವುದು ನನ್ನ ಉದ್ದೇಶವಲ್ಲ. ಅಂತಹ ಮಾತುಗಳಿಂದ ಮಕ್ಕಳಿಗೆ ಅಂಕ ಬರುವುದಿಲ್ಲ. ಕ್ರಮಾವಳಿಯನ್ನು ಪಾಶ್ಚಾತ್ಯರು ಅಲ್ಗಾರಿದಮ್ ಎನ್ನುತ್ತಾರೆ. ಆ ಶಬ್ದವು ಬಂದದ್ದು ಬಾಗ್ದಾದಿನ ಅಲ್ ಖ್ವಾರಿಜ್ಮಿಯ ಹೆಸರಿನಿಂದ. ಆತ ಮಹಾವೀರಾಚಾರ್ಯನ ಸಮೀಪಕಾಲೀನನೇ. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯನ್ನು ಕುರಿತು ಗ್ರಂಥ ಬರೆದವನು. ವಿದ್ಯೆಗೆ ಒಂದು ಊರಿಲ್ಲ. ಅದು ಇಂಗ್ಲಿಷಿನವರದೂ ಅಲ್ಲ, ನಮ್ಮೊಬ್ಬರದೂ ಅಲ್ಲ. ಮಹಾವೀರಾಚಾರ್ಯನ ಗ್ರಂಥವನ್ನು 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ತಾಯ್ನುಡಿಯಲ್ಲಿ ಲೆಕ್ಕದ ಕ್ರಮವನ್ನು ಹೇಳಬಹುದೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಹುಡುಗಿಗೆ ಹೇಳಿದೆ: “ಯಂತ್ರವನ್ನು ಮರೆತುಬಿಡು. 15151ನ್ನು ತಿರುಗಿಸಿ ಬರೆಯುವ ಬಗೆಯನ್ನು ನನಗೆ ಕನ್ನಡದಲ್ಲಿ ಹೇಳು. ನಾನು ದಡ್ಡ, ನೀನು ಹೇಳಿದ್ದನ್ನಷ್ಟೇ ಮಾಡುತ್ತೇನೆ.” ಆಕೆ ಮೆಲ್ಲನೆ ಹೇಳತೊಡಗಿದಳು. ಎರಡು ಡಬ್ಬಿಗಳನ್ನು ಇಟ್ಟುಕೊಳ್ಳಬೇಕು. ಮೊದಲ ಡಬ್ಬಿಯಲ್ಲಿ ಕೊಟ್ಟ ಸಂಖ್ಯೆ, ಎರಡನೆಯದರಲ್ಲಿ ಸೊನ್ನೆ. ಮೊದಲ ಡಬ್ಬಿಯ ಸಂಖ್ಯೆಯನ್ನು ಹತ್ತರಿಂದ ಭಾಗಿಸಿದಾಗ ಉಳಿಯುವ ಶೇಷವೇ ಅದರ ಕೊನೆಯ ಅಂಕಿ. ಎರಡನೆಯ ಡಬ್ಬಿಯಲ್ಲಿರುವುದನ್ನು ಹತ್ತರಿಂದ ಗುಣಿಸಿ ಈ ಅಂಕಿಯನ್ನು ಕೂಡಿಸಬೇಕು. ಮೊದಲ ಡಬ್ಬಿಯಲ್ಲಿ ಭಾಗಲಬ್ಧವನ್ನು ಮಾತ್ರ ಉಳಿಸಬೇಕು. ಮೊದಲ ಡಬ್ಬಿ ಸೊನ್ನೆಯಾಗುವವರೆಗೆ ಹೀಗೆಯೇ ಮಾಡುತ್ತಿರಬೇಕು.

ನಾನು ಕಾಗದದ ಮೇಲೆ ಮಾಡುತ್ತ ಹೋದೆ. ಎರಡನೆಯ ಡಬ್ಬಿಯಲ್ಲಿ 1, ಆಮೇಲೆ 15, ಆಮೇಲೆ 151, 1515, ಕೊನೆಗೆ 15151. ಮೊದಲ ಡಬ್ಬಿಯಲ್ಲಿ 1515, 151, 15, 1, ಕೊನೆಗೆ ಸೊನ್ನೆ. “ಇನ್ನೇನು ಮಾಡಲಿ?” ಎಂದೆ. “ಎರಡೂ ಡಬ್ಬಿಗಳನ್ನು ಹೋಲಿಸಬೇಕು. ಒಂದೇ ಆಗಿದ್ದರೆ ಹೌದು, ಇಲ್ಲದಿದ್ದರೆ ಅಲ್ಲ” ಎಂದಳು. ನಾನು ಹೋಲಿಸಿದೆ. ಒಂದರಲ್ಲಿ 15151, ಇನ್ನೊಂದರಲ್ಲಿ ಸೊನ್ನೆ. “ಅಲ್ಲ” ಎಂದೆ. ಆಕೆ ಕಾಗದವನ್ನೇ ನೋಡಿದಳು. ಒಂದು ನಿಮಿಷ ಮಾತಿಲ್ಲ. ಆಮೇಲೆ ತಲೆಯೆತ್ತಿ, “ಅಜ್ಜಾ, ಮೊದಲ ಡಬ್ಬಿಯನ್ನು ನಾನೇ ಖಾಲಿ ಮಾಡಿಬಿಟ್ಟೆ. ಹೋಲಿಸುವುದಕ್ಕೆ ಮೂಲ ಸಂಖ್ಯೆಯೇ ಉಳಿದಿಲ್ಲ!” ಎಂದಳು. ತೊಗರಿಯ ಚೀಲವನ್ನೆಲ್ಲ ಮಾರುಕಟ್ಟೆಯಲ್ಲಿ ಸುರಿದ ಮೇಲೆ ಮನೆಯಲ್ಲಿ ತೂಗಿದ್ದೆಷ್ಟು ಎಂದು ಬರಿದಾದ ಚೀಲವನ್ನು ಕೇಳಿದಂತಾಗಿತ್ತು. ಮೂರನೆಯ ಡಬ್ಬಿಯೊಂದನ್ನಿಟ್ಟು ಮೊದಲೇ ಅದರಲ್ಲಿ ಮೂಲ ಸಂಖ್ಯೆಯ ಪ್ರತಿಯನ್ನು ಕಾಯ್ದಿಟ್ಟರೆ ಮುಗಿಯಿತು. ಯಾವ ಸಂಖ್ಯೆ ಕೊಟ್ಟರೂ ಅವಳ ಕ್ರಮವಿಧಿಯು ‘ಅಲ್ಲ’ ಎನ್ನುತ್ತಿದ್ದುದಕ್ಕೆ ಇದೇ ಕಾರಣ. ಪರೀಕ್ಷೆಯಲ್ಲಿ ಅಂಕ ಹೋಗಿದ್ದೂ ಇದಕ್ಕೇ. ಈ ತಪ್ಪಿನಲ್ಲಿ ಇಂಗ್ಲಿಷು ಎಲ್ಲಿತ್ತು, ಹೇಳಿರಿ?

ಮರುವಾರ ಮತ್ತೆ ಬಂದಳು. ಈ ಸಲ ಮುಖ ಬೇರೆಯಾಗಿತ್ತು. ಮೊಬೈಲಿನಲ್ಲಿಯೇ ಕ್ರಮವಿಧಿಯನ್ನು ನಡೆಸುವ ಉಚಿತ ಸೌಕರ್ಯವೊಂದನ್ನು ಹಾಕಿಕೊಂಡಿದ್ದಳು. 15151 ಕೊಟ್ಟರೆ ಹೌದೆಂದಿತು; 11111111 ಕೊಟ್ಟರೆ ಹೌದು; 1000000001 ಕೊಟ್ಟರೆ ಹೌದು. ಮಹಾವೀರಾಚಾರ್ಯನ 12345654321ನ್ನು ಕೊಟ್ಟಾಗ ‘ಅಲ್ಲ’ ಎಂದಿತು! ಕ್ರಮವು ಸರಿ, ಸಂಖ್ಯೆಯೂ ಸರಿ, ಉತ್ತರ ಮಾತ್ರ ತಪ್ಪು. ಇದನ್ನು ನಾನು ಬಿಡಿಸಲಾರದವನಾದೆ. ಆಕೆಯೇ ತನ್ನ ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡು ಬಂದು ನನಗೆ ಹೇಳಿಕೊಟ್ಟಳು.

ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯಕ್ಕೆ ಒಂದು ಅಳತೆಯಿರುವಂತೆ ಯಂತ್ರದ ಪ್ರತಿಯೊಂದು ಡಬ್ಬಿಗೂ ಒಂದು ಅಳತೆಯುಂಟು. ‘ಇಂಟ್’ ಎಂಬ ಡಬ್ಬಿ ಇಂದಿನ ಬಹುತೇಕ ಯಂತ್ರಗಳಲ್ಲಿ 2147483647ರವರೆಗೆ, ಅಂದರೆ 214 ಕೋಟಿಗೆ ತುಸು ಮೇಲಿನವರೆಗೆ ಮಾತ್ರ ಹಿಡಿಯುತ್ತದೆ. ಜಲಾಶಯವಾದರೆ ತುಂಬಿದ ಮೇಲೆ ಕೋಡಿ ಹರಿದು ಎಲ್ಲರಿಗೂ ಗೊತ್ತಾಗುತ್ತದೆ; ಈ ಡಬ್ಬಿ ಸದ್ದಿಲ್ಲದೆ ಬೇರೆ ಯಾವುದೋ ಸಂಖ್ಯೆಯನ್ನು ಇಟ್ಟುಕೊಂಡು ಕುಳಿತುಬಿಡುತ್ತದೆ. 12345654321 ಎಂಬುದು 1234 ಕೋಟಿಗೂ ಮಿಕ್ಕಿದ ಸಂಖ್ಯೆ. ‘ಲಾಂಗ್ ಲಾಂಗ್’ ಎಂಬ ದೊಡ್ಡ ಡಬ್ಬಿಯನ್ನು ಕೊಟ್ಟಾಗ ಸರಿಯಾಯಿತು. ಹಳೆಯ ಟರ್ಬೊ ಸಿ ತಂತ್ರಾಂಶವನ್ನು ಬಳಸುವ ಕಡೆಗಳಲ್ಲಿ ಈ ಇಂಟ್ ಡಬ್ಬಿಯ ಮಿತಿ 32767 ಮಾತ್ರ. ಅಲ್ಲಿ 11111111 ಕೂಡ ಹಿಡಿಯದು. ಹೊಸ ವಿದ್ಯಾರ್ಥಿಗೆ ಇದು ತಿಳಿದಿಲ್ಲದಿದ್ದರೆ ತನ್ನ ಬುದ್ಧಿಯೇ ಸರಿಯಿಲ್ಲವೆಂದು ಭಾವಿಸುತ್ತಾನೆ.

ಓದುಗ ಬಂಧುಗಳೇ, ಈಗ ನನಗೂ ಈ ವಿದ್ಯೆಗೂ ಇರುವ ಸಂಬಂಧ ತಮಗೆ ತಿಳಿದಿರಬೇಕು. ಪಾಠಶಾಲೆಯಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಓದುವಾಗ ಮೊದಲು ಸೂತ್ರ, ಅನಂತರ ವೃತ್ತಿ, ಅನಂತರ ಪ್ರಯೋಗ. ಸೂತ್ರವೆಂದರೆ ಅಡಕವಾದ ನಿಯಮ. ವೃತ್ತಿಯೆಂದರೆ ಅದರ ವಿವರಣೆ. ಪ್ರಯೋಗವೆಂದರೆ ನಿಯಮವು ಸಲ್ಲುವುದೋ ಇಲ್ಲವೋ ಎಂದು ತೋರಿಸುವ ಉದಾಹರಣೆ. ಕ್ರಮವಿಧಿಯನ್ನು ಬರೆಯುವವರೂ ಆಜ್ಞೆಗಳನ್ನು ಬರೆದು, ಪಕ್ಕದಲ್ಲಿ ಟಿಪ್ಪಣಿಯನ್ನು ಸೇರಿಸಿ, ಬೇರೆ ಬೇರೆ ಸಂಖ್ಯೆಗಳನ್ನು ಕೊಟ್ಟು ಪರೀಕ್ಷಿಸಬೇಕಂತೆ. ಗಣಕಭಾಷೆಗಳ ವ್ಯಾಕರಣವನ್ನು ಬರೆಯುವ ಒಂದು ಪ್ರಸಿದ್ಧ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬವರು ಸೂಚಿಸಿದ್ದರು. ನಿಯಮವನ್ನು ಅಕ್ಷರಶಃ ಪಾಲಿಸಿ ಎಲ್ಲಿ ಎಡವುತ್ತದೆಂದು ನೋಡುವುದು ವೈಯಾಕರಣನ ನಿತ್ಯಕರ್ಮ. ಆ ಸಂಜೆ ನಾನು ಮಾಡಿದ್ದು ಅದನ್ನೇ, ಅದಕ್ಕಿಂತ ಹೆಚ್ಚಿಲ್ಲ. ಈ ಕೆಲಸವನ್ನು ಮನೆಯ ಯಾವ ಹಿರಿಯರೂ ಮಾಡಬಲ್ಲರು. ‘ನಾನು ದಡ್ಡ, ನೀನು ಹೇಳಿದಷ್ಟೇ ಮಾಡುತ್ತೇನೆ’ ಎಂದು ಮಗುವಿನ ಮುಂದೆ ಕುಳಿತುಕೊಳ್ಳುವ ತಾಳ್ಮೆಯೊಂದು ಬೇಕು.

ಈ ಆರಂಭದ ಪಾಠವು ಎಲ್ಲರಿಗೂ ದಕ್ಕಬೇಕೆಂಬ ಯೋಚನೆ ಹೊಸದಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಜ್ ಎಂಬ ಇಬ್ಬರು ಅಧ್ಯಾಪಕರು, ವಿಜ್ಞಾನವನ್ನೋದದ ವಿದ್ಯಾರ್ಥಿಗಳೂ ಕ್ರಮವಿಧಿ ಬರೆಯುವಂತಾಗಲೆಂದು ‘ಬೇಸಿಕ್’ ಎಂಬ ಸರಳ ಭಾಷೆಯನ್ನು ರೂಪಿಸಿದರು. 1964ರ ಮೇ 1ರಂದು ಅದರ ಮೊದಲ ಕ್ರಮವಿಧಿಗಳು ನಡೆದವು. ಅವರು ವಿದ್ಯಾರ್ಥಿಗಳನ್ನು ಜರಡಿ ಹಿಡಿಯುವ ಬದಲು ಭಾಷೆಯನ್ನೇ ಹಗುರ ಮಾಡಿದರು. ಈಗ ಹೆಚ್ಚು ಬಳಕೆಯಲ್ಲಿರುವ, 1991ರಲ್ಲಿ ಗೈಡೊ ವಾನ್ ರಾಸಮ್ ಹೊರತಂದ ‘ಪೈಥಾನ್’ ಕೂಡ ಹೊಸಬರಿಗೆ ಸುಲಭವಾದುದು. ಅದರ ಈಗಿನ ರೂಪದಲ್ಲಿ ಡಬ್ಬಿಗಳಿಗೆ ಕನ್ನಡ ಲಿಪಿಯಲ್ಲಿಯೇ ‘ಬೆಲೆ’, ‘ತೂಕ’, ‘ಮೊತ್ತ’ ಎಂದು ಹೆಸರಿಡಬಹುದು. ಟಿಪ್ಪಣಿಗಳನ್ನೂ ಕನ್ನಡದಲ್ಲಿಯೇ ಬರೆಯಬಹುದು.

ನಮ್ಮ ಸೀಮೆಯ ಮಟ್ಟಿಗೆ ಇದರ ಮಹತ್ವ ಬಹಳ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಫಲವಾಗಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ವೃತ್ತಿಶಿಕ್ಷಣದ ಸೀಟುಗಳಲ್ಲಿಯೂ ಉದ್ಯೋಗಗಳಲ್ಲಿಯೂ ಮೀಸಲು ದೊರೆತಿದೆ. ಅದಕ್ಕಾಗಿ ಹಿರಿಯರು ದಶಕಗಳ ಕಾಲ ಹೋರಾಡಿದರು. ಆದರೆ ಸೀಟು ದೊರೆಯುವುದು ಬೇರೆ, ಸೀಟಿನಲ್ಲಿ ಉಳಿಯುವುದು ಬೇರೆ. ಬಾಗಿಲು ತೆರೆದ ಮೇಲೂ ಹೊಸ್ತಿಲು ಎತ್ತರವಾಗಿದ್ದರೆ ಮಗು ಎಡವುತ್ತದೆ. ಬಿ.ಸಿ.ಎ. ಇರಲಿ, ಡಿಪ್ಲೊಮಾ ಇರಲಿ, ಎಂಜಿನಿಯರಿಂಗ್ ಇರಲಿ, ಆರಂಭದ ಈ ಪಾಠವೇ ಆ ಹೊಸ್ತಿಲು. ಪದವಿಯ ಪಠ್ಯಕ್ರಮ 2021ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಬದಲಾಯಿತು. ಹೊಸ್ತಿಲು ಮಾತ್ರ ಅಲ್ಲಿಯೇ ಇದೆ.

ಇದರ ಎತ್ತರವನ್ನು ತಗ್ಗಿಸುವುದಕ್ಕೆ ಏನು ಮಾಡಬೇಕು? ಚಿತ್ತಾಪುರದ ಬಳಿಯ ನಾಗಾವಿಯನ್ನು ನೆನೆಯಿರಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 11ನೆಯ ಶತಮಾನದಲ್ಲಿ, ಅಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. ಅಲ್ಲಿಯ ಶಾಸನದಲ್ಲಿ ವಿದ್ಯಾರ್ಥಿಗಳು, ಉಪಾಧ್ಯಾಯರು ಇವರೊಡನೆ 6 ಮಂದಿ ಸರಸ್ವತೀ ಭಂಡಾರಿಗಳ, ಅಂದರೆ ಗ್ರಂಥಪಾಲಕರ, ಜೀವನಕ್ಕೂ ದತ್ತಿ ಹೇಳಿದೆ. ಗ್ರಂಥವಿದ್ದರೆ ಸಾಲದು, ಅದನ್ನು ತೆಗೆದುಕೊಡುವವನೂ ಬೇಕೆಂದು ಅಂದಿನವರು ಅರಿತಿದ್ದರು. ಇಂದು ಯಂತ್ರಗಳಿದ್ದೂ ನೋಡಿಕೊಳ್ಳುವವನಿಲ್ಲದೆ ಬೀಗ ಬಿದ್ದ ಪ್ರಯೋಗಾಲಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂವರು ಮಕ್ಕಳಿಗೆ ಒಂದು ಯಂತ್ರವಿದ್ದಾಗ ಬೆರಳಾಡಿಸುವವನು ಒಬ್ಬ, ನೋಡುವವರು ಇಬ್ಬರು. ಆ ಇಬ್ಬರಲ್ಲಿ ಒಬ್ಬಳು ಸಾಮಾನ್ಯವಾಗಿ ನಮ್ಮ ಹಳ್ಳಿಯ ಹುಡುಗಿ. ಸಂಸ್ಥೆಗಳನ್ನು ನಡೆಸುವ ಹಿರಿಯರು ಹೊಸ ಕಟ್ಟಡಕ್ಕೆ ಕಲ್ಲಿಡುವ ಮೊದಲು ಇದ್ದ ಪ್ರಯೋಗಾಲಯವನ್ನು ಸಂಜೆ ಎರಡು ಗಂಟೆ ಹೆಚ್ಚು ತೆರೆದಿಡಿಸಿದರೆ ಅದೇ ದೊಡ್ಡ ದಾಸೋಹ.

ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ. ಪರೀಕ್ಷೆಯ ಭಾಷೆ ಯಾವುದೇ ಇರಲಿ, ಮೊದಲ ಎರಡು ವಾರ ಕ್ರಮಾವಳಿಗಳನ್ನು ಕನ್ನಡದಲ್ಲಿ, ಕಾಗದದ ಮೇಲೆ ಬರೆಯಿಸಿರಿ. ಒಬ್ಬ ವಿದ್ಯಾರ್ಥಿ ಹೇಳಲಿ, ಇನ್ನೊಬ್ಬನು ಯಂತ್ರದಂತೆ ಪಾಲಿಸಲಿ. ಮಠಗಳ ಮತ್ತು ಸಮಾಜದ ವಿದ್ಯಾರ್ಥಿನಿಲಯಗಳಲ್ಲಿ ಮೂರನೆಯ ವರ್ಷದವರು ಮೊದಲ ವರ್ಷದವರಿಗೆ ವಾರಕ್ಕೊಂದು ಸಂಜೆ ಹೇಳಿಕೊಡುವ ಏರ್ಪಾಡಾಗಲಿ. ಅದಕ್ಕೆ ಹಣ ಬೇಕಾಗಿಲ್ಲ. ಮುಂಬಯಿಯ ಐಐಟಿಯವರ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಸಿ ಭಾಷೆಯ ಪಾಠಗಳು ಕನ್ನಡ ಧ್ವನಿಯಲ್ಲಿಯೂ ಉಚಿತವಾಗಿ ದೊರೆಯುತ್ತವೆ. ಮಕ್ಕಳ ಕೈಯಲ್ಲಿರುವ ಮೊಬೈಲು ಅದಕ್ಕೂ ಬಳಕೆಯಾಗಲಿ.

ಒಂದು ಸಂದೇಹವನ್ನು ಹಲವರು ಎತ್ತುತ್ತಾರೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಕೃತಕ ಬುದ್ಧಿಯ ಯಂತ್ರಗಳು ಕ್ರಮವಿಧಿಯನ್ನು ತಾವೇ ಬರೆದುಕೊಡುತ್ತವೆ. ಇನ್ನು ಮಕ್ಕಳು ಕಲಿಯುವುದೇಕೆ ಎಂದು. ಬರೆದುಕೊಡುತ್ತವೆ, ನಿಜ. ಆದರೆ 12345654321ಕ್ಕೆ ‘ಅಲ್ಲ’ ಎಂಬ ಉತ್ತರ ಬಂದಾಗ ಅದು ತಪ್ಪೆಂದು ಗುರುತಿಸುವವರು ಯಾರು? ಅಂತಹದೇ ತಪ್ಪು ಸಿಮೆಂಟು ಕಾರ್ಖಾನೆಯ ತೂಕದ ಲೆಕ್ಕದಲ್ಲಿ, ಬ್ಯಾಂಕಿನ ಖಾತೆಯಲ್ಲಿ, ಆಸ್ಪತ್ರೆಯ ಔಷಧದ ಪ್ರಮಾಣದಲ್ಲಿ ನುಸುಳಿದರೆ ಕೇಳುವವರು ಯಾರು? ಹೆಜ್ಜೆ ಹೆಜ್ಜೆಯಾಗಿ ನೋಡುವುದನ್ನು ಕಲಿತವರು ಮಾತ್ರ. ಬೇರೆಯವರಿಂದ ಬರೆಯಿಸಿಕೊಂಡ ಅಭ್ಯಾಸವನ್ನು ಒಪ್ಪಿಸಿದ ಮಗು ಮೋಸ ಮಾಡುವುದು ಕಾಲೇಜಿಗಲ್ಲ, ತನಗೆ.

ಕೊನೆಯದಾಗಿ ತಂದೆತಾಯಿಗಳಿಗೆ. ಈ ಪಾಠದಲ್ಲಿ ಮೊದಲ ಪ್ರಯತ್ನ ಸರಿಯಾಗುವುದು ಅಪರೂಪ. ನುರಿತವರ ಕ್ರಮವಿಧಿಯಲ್ಲಿಯೂ ತಪ್ಪುಗಳಿರುತ್ತವೆ. ಅವನ್ನು ಹುಡುಕಿ ತಿದ್ದುವುದೇ ಅವರ ಕಾಯಕದ ದೊಡ್ಡ ಭಾಗ. ಆದ್ದರಿಂದ ಮೊದಲ ಪರೀಕ್ಷೆಯ ಅಂಕವನ್ನು ನೋಡಿ ಮಗುವಿನ ಹಣೆಬರಹವನ್ನು ಬರೆಯಬೇಡಿರಿ. ‘ಎಲ್ಲಿ ತಪ್ಪಿತು, ತೋರಿಸು’ ಎಂದು ಕೇಳಿರಿ. ‘ಯಾಕೆ ತಪ್ಪಿದೆ’ ಎಂದು ಗದರಿಸುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಪತ್ರಿಕೆಯ ಸೋಲು ಓದನ್ನೇ ಬಿಡಿಸುವುದಕ್ಕೆ ನೆಪವಾಗದಿರಲಿ. ಗಂಡುಮಗು ಸೋತರೆ ಇನ್ನೊಮ್ಮೆ ಕಟ್ಟೆನ್ನುತ್ತೇವೆ. ಹೆಣ್ಣುಮಗು ಸೋತರೆ ಮನೆಯಲ್ಲಿ ಕೂಡೆನ್ನುತ್ತೇವೆ. ಇದು ಎಲ್ಲಿಯ ನ್ಯಾಯ?

ನಮ್ಮ ಓಣಿಯ ಆ ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಆ ಪತ್ರಿಕೆಯನ್ನು ತೇರ್ಗಡೆಯಾಗಲಿಲ್ಲ. ಆಂತರಿಕ ಅಂಕಗಳ ಕೊರತೆ ತುಂಬಲಿಲ್ಲ. ತಂದೆ ಮತ್ತೆ ಬಂದರು. ಈ ಸಲ ಬಿಡಿಸುತ್ತೇನೆ ಎನ್ನಲಿಲ್ಲ, “ಇನ್ನೊಮ್ಮೆ ಕಟ್ಟಲಿ, ಹೌದಲ್ರಿ?” ಎಂದು ಕೇಳಿದರು. ಎರಡನೆಯ ಪ್ರಯತ್ನದಲ್ಲಿ ಆಕೆ ಪಾಸಾದಳು. ಈಗ ಅವರ ಮನೆಯ ಪಡಸಾಲೆಯಲ್ಲಿ ಭಾನುವಾರದ ಸಂಜೆ ಓಣಿಯ ನಾಲ್ಕಾರು ಹುಡುಗಿಯರು ಕುಳಿತಿರುತ್ತಾರೆ. ಒಬ್ಬಳು ಹೇಳುತ್ತಾಳೆ, ಇನ್ನೊಬ್ಬಳು ಕಾಗದದ ಮೇಲೆ ಮಾಡುತ್ತಾಳೆ. ಆಗಾಗ ನನ್ನನ್ನೂ ಕರೆಯುತ್ತಾರೆ, ದಡ್ಡನ ಕೆಲಸಕ್ಕೆ. ನಾನು ಸಂತೋಷದಿಂದ ಹೋಗುತ್ತೇನೆ.